ಹೆದ್ದಾರಿ ಕಾಮಗಾರಿಯಲ್ಲಿ ಪರಿಸರ ಷರತ್ತುಗಳ ಪಾಲನೆ: ಕೋಲಾರದ ಕೆರೆಸಾಲನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ದೊಡ್ಡ ಕಾಮಗಾರಿಗಳ ಪರಿಸರ ನಿಯಮಗಳನ್ನು ಓದುವಾಗ ಅನುಮತಿ ಸಿಗುವವರೆಗಿನ ಹಂತಗಳಿಗೇ ನಮ್ಮ ಸಮಯವೆಲ್ಲ ಹೋಗುತ್ತದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ, ‘ಎ’ ಮತ್ತು ‘ಬಿ’ ವರ್ಗಗಳು, ಸಾರ್ವಜನಿಕ ಅಹವಾಲು, ತಜ್ಞರ ಸಮಿತಿಯ ಪರಿಶೀಲನೆ ಇವೆಲ್ಲ ಪರೀಕ್ಷೆಗೆ ಬರುವ ವಿಷಯಗಳೇ. ಆದರೆ ಪಾಲನೆ ಎಂಬುದು ಆರಂಭವಾಗುವುದು ಅನುಮತಿ ಪತ್ರ ಕೈಸೇರಿದ ಮೇಲೆ. ಅದರಲ್ಲಿರುವ ಪ್ರತಿಯೊಂದು ಷರತ್ತನ್ನೂ ಯಾರು, ಎಲ್ಲಿ, ಯಾವಾಗ, ಯಾರ ಖರ್ಚಿನಲ್ಲಿ ಮಾಡಬೇಕು ಎಂಬ ಮಟ್ಟಕ್ಕೆ ಇಳಿಸದಿದ್ದರೆ ಆ ಪತ್ರ ಕಡತದಲ್ಲಿಯೇ ಉಳಿಯುತ್ತದೆ.

ಯಾವ ಕಾಮಗಾರಿಗೆ ಯಾವ ಅನುಮತಿ ಎಂಬುದನ್ನು ಚಿಕ್ಕದಾಗಿ ನೋಡೋಣ. ಹೊಸ ರಾಷ್ಟ್ರೀಯ ಹೆದ್ದಾರಿಗೆ ಪರಿಸರ ಅನುಮತಿ ಬೇಕು. ಹಳೆಯ ಹೆದ್ದಾರಿಯ ಅಗಲೀಕರಣಕ್ಕಾದರೆ ಅದರ ಉದ್ದ ಮತ್ತು ಹೆಚ್ಚುವರಿ ಭೂಮಿಯ ಅಗಲವನ್ನು ನೋಡಿ ತೀರ್ಮಾನಿಸುತ್ತಾರೆ. ರೈಲು ಮಾರ್ಗ ಆ ಅಧಿಸೂಚನೆಯ ಪಟ್ಟಿಯಲ್ಲಿಯೇ ಇಲ್ಲ. ಹಾಗೆಂದು ಅರಣ್ಯ ಭೂಮಿಯ ಅನುಮೋದನೆಯಿಂದಾಗಲಿ, 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದಿಂದಾಗಲಿ ಅದಕ್ಕೆ ವಿನಾಯಿತಿ ಸಿಕ್ಕಿತೆಂದು ತಿಳಿಯಬಾರದು. ಡಾಂಬರು ಮಿಶ್ರಣ ಘಟಕ, ಕಾಂಕ್ರೀಟ್ ಘಟಕ, ಕ್ರಷರ್ ಇವುಗಳಿಗೆ 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇರೆಯಾಗಿಯೇ ಬೇಕು.

ಈಗ ಒಂದೇ ಒಂದು ಷರತ್ತನ್ನು ಎತ್ತಿಕೊಂಡು ಕೊನೆಯವರೆಗೆ ನೋಡೋಣ: ‘ನೀರಿನ ಸಹಜ ಹರಿವಿಗೆ ಅಡ್ಡಿಯಾಗಬಾರದು.’ ಹೆದ್ದಾರಿಯ ಅನುಮತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಮಾತಿಗೆ ಕೋಲಾರದಲ್ಲಿ ವಿಶೇಷ ತೂಕವಿದೆ. ಇಲ್ಲಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲುಸಾಲಾಗಿ ಜೋಡಿಸಿಕೊಂಡಿರುವುದರಿಂದ, ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆ ಹಾಯುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಂಥ ಉದ್ದನೆಯ ರಸ್ತೆ ಎಷ್ಟೋ ರಾಜಕಾಲುವೆಗಳನ್ನು ದಾಟಲೇಬೇಕು. ಮಳೆಯಿಲ್ಲದ ವರ್ಷ ರಾಜಕಾಲುವೆ ಜಾಲಿ ಬೆಳೆದ ಹಳ್ಳದಂತೆ ಕಾಣುತ್ತದೆ. ಸರ್ವೆ ಮಾಡುವವರ ಕಣ್ಣಿಗೆ ಬೀಳದೆಯೂ ಹೋಗಬಹುದು. ಆದ್ದರಿಂದ ಮೊದಲು ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ರಸ್ತೆಯ ನಕ್ಷೆಯ ಮೇಲಿಟ್ಟು ನೋಡಬೇಕು, ಆಮೇಲೆ ಊರಿನ ನೀರಗಂಟಿಯನ್ನೋ (ಕೆರೆಯ ನೀರು ಬಿಡುವವನು) ಅಚ್ಚುಕಟ್ಟಿನ ಹಿರಿಯ ರೈತರನ್ನೋ ಕರೆದುಕೊಂಡು ಆ ಜಾಗದಲ್ಲಿ ನಡೆಯಬೇಕು. ನೀರು ಯಾವ ಕಡೆಯಿಂದ ಬಂದು ಎಲ್ಲಿ ಕೆರೆ ಸೇರುತ್ತದೆ ಎಂಬುದನ್ನು ಅವರಷ್ಟು ಖಚಿತವಾಗಿ ಯಾವ ಉಪಗ್ರಹ ಚಿತ್ರವೂ ಹೇಳಲಾರದು.

ಮೋರಿಯ ವಿನ್ಯಾಸದಲ್ಲಿ ಅಗಲದಷ್ಟೇ ಮುಖ್ಯವಾದದ್ದು ತಳದ ಮಟ್ಟ. ತಳವು ಕಾಲುವೆಯ ಪಾತಳಿಗಿಂತ ಮೇಲಿದ್ದರೆ ಮೇಲ್ಭಾಗದ ಹೊಲಗಳಲ್ಲಿ ನೀರು ನಿಲ್ಲುತ್ತದೆ, ಕೆಳಗಿನ ಕೆರೆಗೆ ಬರಬೇಕಾದದ್ದು ಬರುವುದಿಲ್ಲ. ಇದಕ್ಕಿಂತಲೂ ಹೆಚ್ಚು ತೊಂದರೆ ಕೊಡುವುದು ನಕ್ಷೆಯಲ್ಲಿ ಇರದ ತಾತ್ಕಾಲಿಕ ದಾರಿ. ಟಿಪ್ಪರ್ ಓಡಾಡಲೆಂದು ಕಾಲುವೆಗೆ ಮಣ್ಣು ಸುರಿದು ಹಾದಿ ಮಾಡುತ್ತಾರೆ. ಅದರಡಿ ನೀರು ಹಾಯಲು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಕೂರಿಸಬೇಕೆಂಬುದು ಯಾರ ಕರಾರಿನಲ್ಲಿಯೂ ಬರೆದಿರುವುದಿಲ್ಲ. ಜಿಲ್ಲೆಯಲ್ಲಿ ಜೋರು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಹಾಗಾಗಿ ‘ಮಳೆಗಾಲಕ್ಕೆ ಮುನ್ನ’ ಎಂದಷ್ಟೇ ಬರೆದರೆ ಸಾಲದು, ಆಗಸ್ಟ್ ಮುಗಿಯುವುದರೊಳಗೆ ತಾತ್ಕಾಲಿಕ ಒಡ್ಡುಗಳನ್ನು ತೆರವು ಮಾಡಬೇಕೆಂದು ಷರತ್ತುಗಳ ಪಾಲನೆಯನ್ನು ಬರೆದಿಡುವ ವಹಿಯಲ್ಲಿ ದಿನಾಂಕ ಸಮೇತ ನಮೂದಿಸಬೇಕು. ಅದರ ಮುಂದೆಯೇ ಹೊಣೆಗಾರ ಎಂಜಿನಿಯರ್, ಚೈನೇಜ್ ಸಂಖ್ಯೆ (ರಸ್ತೆಯ ಆರಂಭದಿಂದ ಆ ಜಾಗಕ್ಕಿರುವ ದೂರ), ತೆರವಿಗೆ ಮುಂಚಿನ ಮತ್ತು ನಂತರದ ಛಾಯಾಚಿತ್ರ ಇರಬೇಕು.

ಉಳಿದ ಷರತ್ತುಗಳನ್ನೂ ಹೀಗೆಯೇ ಬಿಡಿಸಿ ಬರೆದುಕೊಳ್ಳಬಹುದು. ಆದರೆ ಕರಾರು ಜೊತೆಗಿಲ್ಲದಿದ್ದರೆ ವಹಿಗೆ ಬಲವಿರುವುದಿಲ್ಲ. ಪರಿಸರ ಅನುಮತಿ ಇರುವುದು ಯೋಜನೆಯ ಪ್ರವರ್ತಕರ ಹೆಸರಿನಲ್ಲಿ. ಮಣ್ಣಿನ ಕೆಲಸ ಮಾಡುವವನು ಗುತ್ತಿಗೆದಾರನ ಕೆಳಗಿನ ಉಪಗುತ್ತಿಗೆದಾರ. ಅವನಿಗೆ ಆ ಪತ್ರದ ಪ್ರತಿಯೂ ತಲುಪಿರುವುದಿಲ್ಲ. ಪರಿಸರ ನಿರ್ವಹಣೆಯ ಖರ್ಚನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಬಾಬುಗಳಾಗಿ ತೋರಿಸಿ, ತಿಂಗಳ ಬಿಲ್ಲಿಗೆ ಪರಿಸರ ಅಧಿಕಾರಿಯ ಸಹಿ ಕಡ್ಡಾಯ ಮಾಡುವುದು, ನನ್ನ ದೃಷ್ಟಿಯಲ್ಲಿ, ಹತ್ತು ತರಬೇತಿ ಶಿಬಿರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಧೂಳಿನ ವಿಷಯದಲ್ಲಿ ಇಲ್ಲಿನ ಅಭ್ಯಾಸಿಗಳು ಒಂದು ಇಕ್ಕಟ್ಟನ್ನು ಗಮನಿಸಬೇಕು. ಗಾಳಿಯಲ್ಲಿನ ಪಿಎಂ10, ಅಂದರೆ ಸುಮಾರು 10 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು, 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು. ಅದಕ್ಕೆ ಸುಲಭದ ಉಪಾಯ ದಿನಕ್ಕೆ ಹಲವು ಬಾರಿ ನೀರು ಚಿಮುಕಿಸುವುದು. ಆದರೆ ಕೋಲಾರ ಅಂತರ್ಜಲದ ಅತಿಬಳಕೆಗೆ ಹೆಸರಾದ ಜಿಲ್ಲೆ. ಧೂಳಿನ ಷರತ್ತು ಪಾಲಿಸಲೆಂದು ಅನುಮತಿಯಿಲ್ಲದ ಕೊಳವೆಬಾವಿಯಿಂದ ಟ್ಯಾಂಕರ್ ತುಂಬಿಸಿದರೆ ಇನ್ನೊಂದು ಕಾಯ್ದೆ ಮುರಿದಂತೆ. ಸಂಸ್ಕರಿಸಿದ ಕೊಳಚೆ ನೀರನ್ನು ಲೆಕ್ಕವಿಟ್ಟು ತರುವುದು, ಟಿಪ್ಪರ್‌ಗೆ ಟಾರ್ಪಾಲಿನ್ ಹೊದಿಸುವುದು, ಊರೊಳಗೆ ವೇಗ ಇಳಿಸುವುದು ಇವೆಲ್ಲ ನೀರಿನ ಬಳಕೆಯನ್ನೇ ಕಡಿಮೆ ಮಾಡುತ್ತವೆ.

ಮಣ್ಣು ಮತ್ತು ಜಲ್ಲಿ ಎಲ್ಲಿಂದ ಬಂತು ಎಂಬುದೂ ಪಾಲನೆಯ ಭಾಗವೇ. ರಸ್ತೆ, ಕೊಳವೆ ಮಾರ್ಗಗಳಂಥ ಉದ್ದನೆಯ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡವೆಂದು 2020ರ ಮಾರ್ಚ್ 28ರ ಅಧಿಸೂಚನೆ ಹೇಳಿತ್ತು. ಎಷ್ಟು ಮಣ್ಣು, ಎಂಥ ಸ್ಥಳ ಎಂಬ ಮಿತಿಯೇ ಇಲ್ಲದ ಆ ವಿನಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯ 2024ರ ಮಾರ್ಚ್ 21ರಂದು ರದ್ದುಪಡಿಸಿತು. ಹಳೆಯ ಟಿಪ್ಪಣಿಗಳನ್ನು ಓದುವವರು ಇದನ್ನು ತಿದ್ದಿಕೊಳ್ಳಬೇಕು. ಕೆರೆಯ ಹೂಳು ತೆಗೆಯುವ ನೆಪದಲ್ಲಿ ಅಂಗಳವನ್ನು ಗುಂಡಿ ಮಾಡುವುದು, ಗೋಮಾಳ ಅಗೆಯುವುದು ಇವೆರಡಕ್ಕೂ ಲೋಡಿನ ರಸೀದಿಗಳನ್ನು ಪರವಾನಗಿಯೊಂದಿಗೆ ತಾಳೆ ನೋಡುವುದೇ ತಡೆ.

ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ಬಹಳ ಕ್ಷಾರೀಯ. ಅದನ್ನು ಹೊಂಡದಲ್ಲಿ ತಂಗಿಸದೆ ಕಾಲುವೆಗೆ ಬಿಡಬಾರದು. ಯಂತ್ರಗಳಿಂದ ತೆಗೆದ ಹಳೆಯ ಎಣ್ಣೆಯನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ.

ಪಾಲನಾ ವರದಿ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಕೆಯಾಗಬೇಕು. ಎಲ್ಲ ಷರತ್ತಿನ ಮುಂದೆಯೂ ‘ಪಾಲಿಸಲಾಗುತ್ತಿದೆ’ ಎಂದು ತುಂಬಿದ ವರದಿಯನ್ನು ನೋಡಿದರೆ ಬರೆದವರು ಸ್ಥಳಕ್ಕೆ ಹೋಗಿಲ್ಲವೆಂದೇ ಅನುಮಾನ ಬರುತ್ತದೆ. ‘ಇಂಥ ಚೈನೇಜ್‌ನಲ್ಲಿ ಒಡ್ಡು ಇನ್ನೂ ಇದೆ, ಇಂಥ ದಿನದೊಳಗೆ ತೆರವಾಗುತ್ತದೆ’ ಎಂದು ಬರೆದದ್ದು ತಪಾಸಣೆಗೆ ಬಂದವರ ಎದುರು ನಿಲ್ಲುತ್ತದೆ. ಕಾಮಗಾರಿ ಮುಗಿಯುವಾಗಲಂತೂ ಈ ಎಚ್ಚರ ಹೆಚ್ಚು ಬೇಕು: ಮಣ್ಣು ತೆಗೆದ ಗುಂಡಿಯ ಅಂಚನ್ನು ಇಳಿಜಾರು ಮಾಡಿ, ಬೇರೆ ತೆಗೆದಿಟ್ಟ ಮೇಲ್ಮಣ್ಣನ್ನು ಹರಡಿ, ಕಾರ್ಮಿಕರ ಶಿಬಿರದ ಜಾಗವನ್ನು ಮೊದಲಿನಂತೆ ಮಾಡಿ, ಜಮೀನಿನ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯುವವರೆಗೆ ಅಂತಿಮ ಬಿಲ್ಲನ್ನು ತಡೆಹಿಡಿಯುವ ಕಲಮು ಕರಾರಿನಲ್ಲಿರಬೇಕು, ಏಕೆಂದರೆ ಯಂತ್ರಗಳು ಊರು ಬಿಟ್ಟ ಮೇಲೆ ಆ ಕೆಲಸಕ್ಕೆ ಯಾರೂ ಹಿಂದಿರುಗುವುದಿಲ್ಲ.