ಹಕ್ಕುಪತ್ರಕ್ಕಿಂತ ಮೊದಲೇ ಬಂದಿಳಿದ ವಿಮಾನ

ಪೆರು ದೇಶದ ಅಮೆಜಾನ್ ಕಾಡಿನಲ್ಲಿ ಆದಿವಾಸಿ ಮುಖಂಡರ ಕೊಲೆಯಾದಾಗಲೆಲ್ಲ ‘ಮಾದಕವಸ್ತು ಜಾಲ’ ಎಂಬ ಎರಡೇ ಪದಗಳಲ್ಲಿ ಸುದ್ದಿ ಮುಗಿದುಹೋಗುತ್ತದೆ. ಆದರೆ ಆ ಜಾಲ ಅವರ ಅಂಗಳದವರೆಗೆ ಬಂದದ್ದು ಹೇಗೆ?

ಕೋಕಾ ಎಲೆ ಆಂಡಿಸ್ ಬೆಟ್ಟದವರಿಗೆ ನಮ್ಮ ವೀಳ್ಯದೆಲೆಯಷ್ಟೇ ಹಳೆಯ ಒಡನಾಡಿ. ಹೊರದೇಶಗಳಲ್ಲಿ ಅದೇ ಎಲೆಯಿಂದ ತೆಗೆಯುವ ಮಾದಕವಸ್ತು ಕೊಕೇನ್‌ಗೆ ಬೇಡಿಕೆ ಹೆಚ್ಚಿದ ಮೇಲೆ, 1970-80ರ ದಶಕಗಳಲ್ಲಿ ವಯಾಗಾ ನದಿಯ ಮೇಲ್ಕಣಿವೆ ಕೋಕಾ ತೋಟವಾಯಿತು. ಮುಂದೆ ಬಂಡುಕೋರರ ಯುದ್ಧ, ಕಳ್ಳಸಾಗಣೆ ವಿಮಾನಗಳನ್ನು ಹೊಡೆದುರುಳಿಸುವ ಕಾರ್ಯಾಚರಣೆ, ಗಿಡ ಕೀಳುವ ದಳಗಳು. ಒಂದು ಕಣಿವೆಯಲ್ಲಿ ಕಿತ್ತ ಬೆಳೆ ಮತ್ತೊಂದರಲ್ಲಿ ಚಿಗುರಿತು. ಹಾಗೆ ಸರಿಯುತ್ತ ಅದು ಉಕಯಾಲಿ ಪ್ರಾಂತ್ಯದ ತಗ್ಗಿನ ಮಳೆಕಾಡನ್ನೂ ಹೊಕ್ಕಿತು.

ಅಲ್ಲಿ ದಾರಿ ಮೊದಲೇ ಸಿದ್ಧವಿತ್ತು. ಮಹಾಗನಿ, ಸೀಡರ್ ಮರಗಳಿಗಾಗಿ ನಾಟಾದವರು ಕಡಿದ ದಾರಿ ಅದು. ಅದರ ಬೆನ್ನಿಗೆ ಬೆಟ್ಟದ ಬಡ ರೈತರು ಬಂದರು. ಅವರನ್ನು ದೂರಿ ಫಲವಿಲ್ಲ. ಕೋಕಾ ವರ್ಷಕ್ಕೆ ಮೂರು-ನಾಲ್ಕು ಸಲ ಕೊಯ್ಲಿಗೆ ಬರುತ್ತದೆ, ಕೊಳ್ಳುವವನು ರೊಕ್ಕ ಹಿಡಿದು ಅಲ್ಲಿಗೇ ಬರುತ್ತಾನೆ. ಬಾಳೆಯನ್ನೋ ಮರಗೆಣಸನ್ನೋ ದೋಣಿಯಲ್ಲಿ ದಿನಗಟ್ಟಲೆ ಸಾಗಿಸಿ ಏನು ಗಿಟ್ಟೀತು? ಕೊಕೇನ್‌ನ ಕಚ್ಚಾಮುದ್ದೆ ತೆಗೆಯಲು ತೋಟದ ಪಕ್ಕದಲ್ಲೇ ಗುಂಡಿ ತೋಡಿ ಎಲೆಯನ್ನು ಸುಣ್ಣ, ಸೀಮೆಎಣ್ಣೆ, ಗಂಧಕಾಮ್ಲದಲ್ಲಿ ಕದಡುತ್ತಾರೆ. ಉಳಿದ ರೊಚ್ಚು ಮೀನಿನ ಹಳ್ಳಕ್ಕೆ ಸೇರುತ್ತದೆ. ಆಮೇಲೆ ಇನ್ನಷ್ಟು ಮರ ಕಡಿದು ನೆಲ ಸಮಮಾಡಿದರೆ ಮಾಲು ಒಯ್ಯುವ ಸಣ್ಣ ವಿಮಾನ ಇಳಿಯಲು ಜಾಗವಾಯಿತು.

ತಡೆಯಬೇಕಾದ ಆದಿವಾಸಿಗಳ ಕೈಯಲ್ಲಿ ಕಾಗದವಿರಲಿಲ್ಲ. ಈ ಇತಿಹಾಸದ ಮೂಲ ಗಂಟು ಇದು. ಅವರ ಸಮುದಾಯಗಳಿಗೆ ಭೂಮಿಯ ಹಕ್ಕು ಕೊಡುವ ಕಾನೂನು ಬಂದದ್ದು 1974ರಲ್ಲಿ. ಅದರ ಜಾಗಕ್ಕೆ ಬಂದ 1978ರ ಕಾನೂನು ಕೃಷಿ ಜಮೀನಿಗೆ ಮಾತ್ರ ಒಡೆತನ ಉಳಿಸಿ, ಕಾಡನ್ನು ‘ಬಳಕೆಗೆ’ ಎಂದಷ್ಟೇ ಬಿಟ್ಟುಕೊಟ್ಟಿತು. ಆ ಅರೆಹಕ್ಕಿಗೂ ಸರ್ವೆ, ನಕಾಶೆ, ಸಹಿ ಎಂದು ದಶಕಗಳ ಅಲೆದಾಟ. ಹಕ್ಕುಪತ್ರವಿಲ್ಲದ ಕಾಡು ಹೊರಗಿನವರ ಕಣ್ಣಿಗೆ ಯಾರದೂ ಅಲ್ಲದ ಕಾಡು.

ಬ್ರೆಜಿಲ್ ಗಡಿಯ ಸಾವೆಟೊದಲ್ಲಿ ಅಶೆನಿಂಕ ಜನರ ಮುಖಂಡ ಎಡ್ವಿನ್ ಚೋಟಾ ಮರಗಳ್ಳತನದ ವಿರುದ್ಧ ದೂರು ಕೊಡುತ್ತಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಕ್ಕುಪತ್ರಕ್ಕಾಗಿ ಓಡಾಡಿದರು. 2014ರ ಸೆಪ್ಟೆಂಬರ್‌ನಲ್ಲಿ ಮೂವರು ಸಂಗಾತಿಗಳೊಂದಿಗೆ ಕೊಲೆಯಾದರು. ಸುಮಾರು 80,000 ಹೆಕ್ಟೇರ್‌ಗಳ ಹಕ್ಕುಪತ್ರ ಮರುವರ್ಷವೇ ಬಂತು. ಅಂದರೆ ಕೊಡಲು ಸಾಧ್ಯವಿತ್ತು.

ಇತ್ತ ವಾನುಕೊ ಪ್ರಾಂತ್ಯದ ಉನಿಪಕುಯಾಕುವಿನಲ್ಲಿ ಕಾಕಟೈಬೊ ಜನ ಅರ್ಜಿ ಹಿಡಿದು ಕಾದದ್ದು 1990ರ ದಶಕದಿಂದ. ಕೋಕಾ ತೋಟಗಳೂ ಕಳ್ಳಸಾಗಣೆ ವಿಮಾನ ಇಳಿಯುವ ಜಾಗವೂ ಅವರ ನೆಲಕ್ಕೆ ಬಂದವು. 2020ರ ಏಪ್ರಿಲ್‌ನಲ್ಲಿ ಅವರ ಮುಖಂಡ ಅರ್ಬಿಲ್ಡೊ ಮೆಲೆಂಡೆಸ್ ಗುಂಡಿಗೆ ಬಲಿಯಾದಾಗಲೂ ಹಕ್ಕುಪತ್ರ ಬಂದಿರಲಿಲ್ಲ.