ಕನ್ನಡಕದ ಪವರ್‌ಗೆ ಜೀನ್ ಹುಡುಕಿದವರು

ಮಂಗಳೂರಿನ ಹಂಪನಕಟ್ಟೆ ಕಡೆ ಮಗುವಿಗೆ ಕನ್ನಡಕ ಮಾಡಿಸಲು ಹೋದರೆ ಅಂಗಡಿಯವರು ಚೀಟಿ ನೋಡಿ ಕೇಳುವುದುಂಟು: "ಅಪ್ಪ-ಅಮ್ಮನಿಗೂ ಪವರ್ ಉಂಟಾ?" ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳಿಗೆ 2011ರಲ್ಲಿ ಉತ್ತರ ಸಿಕ್ಕಿತು. ಅರ್ಧ ಉತ್ತರ ಅನ್ನಿ.

ದೂರದ್ದು ಮಸುಕಾಗುವುದು, ಅಂದರೆ ಸಮೀಪದೃಷ್ಟಿ, ಹೆಚ್ಚಾಗಿ ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆಯುವುದರಿಂದ. 1 ಮಿಲಿಮೀಟರ್ ಉದ್ದವಾದರೆ ಸುಮಾರು ಎರಡೂವರೆ ಮೈನಸ್ ಪವರ್ ಏರುತ್ತದೆ. ಮೈನಸ್ 6 ದಾಟಿತೆಂದರೆ ವಿಷಯ ಬರೀ ಕನ್ನಡಕದ್ದಲ್ಲ. ಕಣ್ಣಿನ ಹಿಂಭಾಗದ ಪರದೆ ರೆಟಿನಾ ಎಳೆದು ತೆಳುವಾಗುತ್ತದೆ, ಹರಿಯಲೂಬಹುದು.

ಅಂಥ ಜೋರು ಪವರ್ ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದ ಒಂದು ಕುಟುಂಬವನ್ನು ಚೀನಾದ ಸಂಶೋಧಕರು ಪರೀಕ್ಷಿಸಿದರು. ಅವರ ಡಿಎನ್‌ಎಯಲ್ಲಿ ಪ್ರೋಟೀನ್ ಕಟ್ಟುವ ಭಾಗವನ್ನಷ್ಟೇ ಅಕ್ಷರಕ್ಷರ ಓದಿದರು. 1ನೇ ಕ್ರೋಮೋಸೋಮಿನ ಝಡ್‌ಎನ್‌ಎಫ್644 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಪ್ರೋಟೀನಿನ 672ನೇ ಜಾಗದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಹೋಗಿ ಗ್ಲೈಸಿನ್ ಎಂಬ ಇನ್ನೊಂದು ಕೂತಿತ್ತು. ಬೇರೆ 300 ರೋಗಿಗಳಲ್ಲಿ ಹುಡುಕಿದಾಗ ಅದೇ ಜೀನಿನಲ್ಲಿ ಇನ್ನೂ 5 ಬದಲಾವಣೆ ಸಿಕ್ಕವು.

ಇದು ಜಿಂಕ್ ಫಿಂಗರ್ ಪ್ರೋಟೀನಿನ ಜೀನ್. ಪ್ರೋಟೀನಿನ ಎಳೆಯನ್ನು ಒಂದು ಸತುವಿನ (ಜಿಂಕ್) ಪರಮಾಣು ಹಿಡಿದು ಮಡಚುತ್ತದೆ. ಆ ಮಡಿಕೆಯೇ ಬೆರಳಿನಂತೆ ಡಿಎನ್‌ಎಯನ್ನು ಹಿಡಿದು, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಭಾಯಿಸುತ್ತದೆ. ಕಪ್ಪೆಯ ಪ್ರೋಟೀನೊಂದರಲ್ಲಿ ಇಂಥ ಬೆರಳುಗಳನ್ನು 1985ರಲ್ಲಿ ಗುರುತಿಸಿದವರು ಕೇಂಬ್ರಿಜ್‌ನ ಆರನ್ ಕ್ಲಗ್ ಮತ್ತು ಸಂಗಡಿಗರು. ಹಾಗಂತ ಸುಮ್ನೆ ಜಿಂಕ್ ಮಾತ್ರೆ ನುಂಗಿದರೆ ಕನ್ನಡಕ ಹೋಗುವುದಿಲ್ಲ, ಮಾರಾಯ್ರೆ!

ನಮ್ಮದು ಅಳಿಯಸಂತಾನದ ಊರು. ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು. ಈ ಜೀನಿಗೆ ಅಂಥ ಕಟ್ಟಳೆ ಇಲ್ಲ. ಜೀನಿನ ಬದಲಾದ ನಕಲು ಅಪ್ಪನಲ್ಲಿರಲಿ, ಅಮ್ಮನಲ್ಲಿರಲಿ, ಅದು ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಆದರೆ ಪಿಯುಸಿ, ಟ್ಯೂಷನ್ ಅಂತ ಓಡಾಡುವ ನಮ್ಮ ಮಕ್ಕಳ ಮೈನಸ್ 2, ಮೈನಸ್ 3ಕ್ಕೆ ಈ ಒಂದು ಜೀನನ್ನು ಹೊಣೆ ಮಾಡುವುದು ತಪ್ಪು. 2018ರ ದೊಡ್ಡ ಅಧ್ಯಯನವೊಂದು ಡಿಎನ್‌ಎಯಲ್ಲಿ ಕಣ್ಣಿನ ಪವರ್‌ಗೆ ಸಂಬಂಧಪಟ್ಟ 161 ತಾಣಗಳನ್ನು ಲೆಕ್ಕ ಹಾಕಿತು. ಒಂದೊಂದರ ಪ್ರಭಾವವೂ ತೀರಾ ಸಣ್ಣದು. ಅಲ್ಲದೆ ಒಂದೇ ತಲೆಮಾರಿನಲ್ಲಿ ಪೂರ್ವ ಏಷ್ಯಾದ ಶಾಲೆಗಳು ಕನ್ನಡಕದಿಂದ ತುಂಬಿಹೋದವು. ಜೀನ್ ಅಷ್ಟು ಬೇಗ ಬದಲಾಗುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಮನವರಿಕೆಯಾದದ್ದು 2008ರ ಒಂದು ಹೋಲಿಕೆ. ಚೀನೀ ಮೂಲದ 6-7 ವರ್ಷದ ಮಕ್ಕಳಲ್ಲಿ ಸಿಂಗಾಪುರದವರಿಗೆ ಶೇ. 29.1ರಷ್ಟು ಸಮೀಪದೃಷ್ಟಿ, ಸಿಡ್ನಿಯವರಿಗೆ ಶೇ. 3.3 ಮಾತ್ರ. ಓದು ಸಿಡ್ನಿಯವರದ್ದೇ ಜಾಸ್ತಿ! ದೊಡ್ಡ ವ್ಯತ್ಯಾಸ ಇದ್ದದ್ದು ಬಯಲಿನಲ್ಲಿ ಕಳೆದ ಹೊತ್ತಿನಲ್ಲಿ: ಸಿಡ್ನಿಯಲ್ಲಿ ವಾರಕ್ಕೆ ಸುಮಾರು 14 ಗಂಟೆ, ಸಿಂಗಾಪುರದಲ್ಲಿ 3.