ಬಿಳಿ ಬಾಲ್ ಎಲ್ಲಿ ನಿಲ್ಲುತ್ತೆ?

ಹೋದ ಮಳೆಗಾಲದಲ್ಲಿ ಒಬ್ಬ ತಾಯಿ ಪಿಯುಸಿ ಮುಗಿಸಿದ ಮಗನನ್ನು ಕರೆದುಕೊಂಡು ಚಿಕ್ಕಮಗಳೂರಿನ ನಮ್ಮ ಪೂಲ್ ಹಾಲ್‌ಗೆ ಬಂದರು. ಪೂಲ್ ಅಂದರೆ ಕ್ಯೂ ಅನ್ನೋ ಕೋಲಿನಿಂದ ಬಿಳಿ ಬಾಲ್ ಹೊಡೆದು, ಅದರಿಂದ ಬೇರೆ ಬಾಲ್‌ಗಳನ್ನು ಟೇಬಲ್ಲಿನ ಪಾಕೆಟ್‌ಗೆ ಬೀಳಿಸೋ ಆಟ. "ಸರ್, ಇವನು ಪೂಲ್‌ನಲ್ಲೇ ಮುಂದೆ ಬರ್ತೀನಿ ಅಂತಾನೆ. ಇದ್ರಲ್ಲಿ ಹೊಟ್ಟೆ ತುಂಬುತ್ತಾ?"

ತಕ್ಷಣ ಉತ್ತರ ಕೊಡಲಿಲ್ಲ. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಟೇಬಲ್ ಮೇಲೆ ಇಟ್ಟೆ. "ಬಾಲ್ ಪಾಕೆಟ್‌ಗೆ ಹಾಕಪ್ಪ. ಆದ್ರೆ ಬಿಳಿ ಬಾಲ್ ಬಂದು ಈ ಹಾಳೆ ಮೇಲೆ ನಿಲ್ಬೇಕು." ಹತ್ತು ಸಲ ಹೊಡೆದ. ಒಂಬತ್ತು ಸಲ ಪಾಕೆಟ್ ಆಯಿತು. ಬಿಳಿ ಬಾಲ್ ಹಾಳೆ ಮೇಲೆ ನಿಂತಿದ್ದು ಒಂದೇ ಸಲ.

ಒಂದರಿಂದ ಒಂಬತ್ತು ನಂಬರಿನ ಬಾಲ್‌ಗಳಿಂದ ಆಡೋ ನೈನ್ ಬಾಲ್ ಅನ್ನೋ ಪೂಲ್ ಆಟದಲ್ಲಿ ಟೇಬಲ್ ಮೇಲಿರುವ ಅತಿ ಚಿಕ್ಕ ನಂಬರಿನ ಬಾಲ್‌ಗೇ ಮೊದಲು ತಾಗಿಸಬೇಕು. ಒಂದನ್ನು ಹಾಕಿದ ಮೇಲೆ ಬಿಳಿ ಬಾಲ್ ಎರಡನ್ನು ಹೊಡೆಯೋ ಜಾಗದಲ್ಲಿ ನಿಲ್ಲಲಿಲ್ಲ ಅಂದರೆ, ಆ ಹೊಡೆತ ಎಷ್ಟು ಚೆನ್ನಾಗಿದ್ದರೂ ಮುಂದಿನದು ತಪ್ಪಿ ಸರದಿ ಎದುರಿನವನಿಗೆ ಹೋಗುತ್ತದೆ. ಈ ಆಟದಿಂದ ಹೊಟ್ಟೆ ಹೊರೆಯುವ ಆಟಗಾರ ಒಂದನ್ನು ಹೊಡೆಯುವಾಗಲೇ ಮೂರನೆಯದನ್ನು ನೋಡಿಟ್ಟಿರುತ್ತಾನೆ.

ನಮ್ಮೂರಲ್ಲಿ ಥಂಡಿಯ ಕಾಟ ಬೇರೆ. ಮುಳ್ಳಯ್ಯನಗಿರಿ ಕಡೆಯಿಂದ ಮೋಡ ಇಳಿದರೆ ಟೇಬಲ್ಲಿನ ಬಟ್ಟೆ ತೇವ ಎಳೆದುಕೊಳ್ಳುತ್ತದೆ. ತಾಗಿದ ಜಾಗದಲ್ಲೇ ಬಿಳಿ ಬಾಲ್ ನಿಲ್ಲಿಸೋ ಸ್ಟಾಪ್ ಶಾಟನ್ನೇ ತಗೊಳ್ಳಿ. ಬಿಳಿ ಬಾಲ್‌ನ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಹೊಡೆದರೆ ಅದು ಹಿಂದಕ್ಕೆ ತಿರುಗುತ್ತಾ ಜಾರಿಕೊಂಡು ಹೋಗುತ್ತದೆ. ಆ ಸ್ಪಿನ್ ಸರಿಯಾಗಿ ಮುಗಿಯುವ ಜಾಗದಲ್ಲಿ ಎದುರಿನ ಬಾಲ್‌ಗೆ ನೇರವಾಗಿ ತಾಗಿದರೆ ಅಲ್ಲೇ ನಿಲ್ಲುತ್ತದೆ. ತೇವದ ಬಟ್ಟೆ ಸ್ಪಿನ್ನನ್ನು ಬೇಗ ತಿಂದುಬಿಡುತ್ತದೆ. ಬಾಲ್ ಮೊದಲೇ ಉರುಳೋಕೆ ಶುರುವಾಗಿ, ತಾಗಿದ ಮೇಲೂ ಮುಂದೆ ಹೋಗುತ್ತದೆ. ಅದಕ್ಕೇ ನಮ್ಮ ಹುಡುಗರ ಕೈಗೆ ಇನ್ನೂ ಕೆಳಗೆ, ಇನ್ನೂ ಜೋರಾಗಿ ಹೊಡೆಯುವ ಅಭ್ಯಾಸ. ಬೆಂಗಳೂರಿನ ಎಸಿ ಹಾಲ್‌ನಲ್ಲಿ, ಹೊಸ ಬಟ್ಟೆ ಮೇಲೆ ಹಾಗೇ ಹೊಡೆದರೆ ಬಿಳಿ ಬಾಲ್ ವಾಪಸ್ ಓಡಿ ಬರುತ್ತದೆ. ಟೇಬಲ್ ಅರ್ಥವಾಗುವಷ್ಟರಲ್ಲಿ ಮ್ಯಾಚ್ ಮುಗಿದಿರುತ್ತದೆ. ಟೂರ್ನಿಗೆ ಒಂದು ದಿನ ಮುಂಚೆನೇ ಹೋಗಿ ಅಂತ ನಾನು ಹಠ ಹಿಡಿಯೋದು ಇದಕ್ಕೇ. ಲಾಡ್ಜ್ ಖರ್ಚು ಜಾಸ್ತಿಯಾದರೂ ಪರವಾಗಿಲ್ಲ.

ಖರ್ಚು ಅಂದಮೇಲೆ ನೇರವಾಗಿ ಹೇಳಿಬಿಡುತ್ತೇನೆ. ಪ್ರವೇಶ ಶುಲ್ಕ, ಬಸ್ಸು, ರೂಮು, ಊಟ ಎಲ್ಲ ಸಾಮಾನ್ಯವಾಗಿ ಆಟಗಾರನ ಜೇಬಿನಿಂದಲೇ. ನಮ್ಮ ದೇಶದಲ್ಲಿ ಪೂಲ್‌ನ ಬಹುಮಾನದ ದುಡ್ಡೊಂದನ್ನೇ ನಂಬಿ ಸಂಸಾರ ನಡೆಸೋದು ಕಷ್ಟ. ಕೋಚಿಂಗ್ ಅಥವಾ ಕ್ರೀಡಾ ಕೋಟಾದ ಕೆಲಸ ಜೊತೆಗಿರಬೇಕು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೇ ಪೂಲ್‌ನಂಥದ್ದೇ ಇನ್ನೊಂದು ಆಟವಾದ ಸ್ನೂಕರ್‌ನಲ್ಲಿ ಐಬಿಎಸ್‌ಎಫ್ (ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ವಿಶ್ವ ಚಾಂಪಿಯನ್‌ಶಿಪ್ ಗೆದ್ದವರು. ಅವರಂಥವರ ಬೆನ್ನಿಗೂ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಕೆಲಸ ನಿಂತಿದೆ.

ಒಳ್ಳೆಯ ಸುದ್ದಿ ಅಂದರೆ ಈ ಆಟ ಮೂವತ್ತಕ್ಕೆ ಮುಗಿಯೋದಿಲ್ಲ. ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯಸ್ 1999ರಲ್ಲಿ ವಿಶ್ವ ನೈನ್ ಬಾಲ್ ಗೆದ್ದಾಗ ಅವರಿಗೆ 44 ವರ್ಷ. ಅವರು ಬೆಳೆದಿದ್ದು ಮನಿಲಾದಲ್ಲಿ, ಬಂಧುವೊಬ್ಬರ ಪೂಲ್ ಹಾಲ್‌ನಲ್ಲಿ. ರಾತ್ರಿ ಮಲಗುತ್ತಿದ್ದದ್ದೂ ಟೇಬಲ್ ಮೇಲೇ.

ನನಗೆ ನಿಜವಾಗಿ ಬೇಜಾರಾಗೋದು ಇನ್ನೊಂದಕ್ಕೆ. ಸೋತವರೇ ಟೇಬಲ್ ದುಡ್ಡು ಕೊಡೋದು ಅನ್ನೋ ರೂಢಿ ಎಷ್ಟೋ ಕಡೆ ಇದೆ. ಸುಮ್ನೆ ತಮಾಷೆಗೆ ಶುರುವಾಗುತ್ತದೆ. ನನ್ನ ಹತ್ತಿರ ತುಂಬಾ ಚೆನ್ನಾಗಿ ಆಡುತ್ತಿದ್ದ ಹುಡುಗನೊಬ್ಬ ಹೀಗೆ ಎರಡು ವರ್ಷ ಒಂದು ರೂಪಾಯಿ ಕೊಡದೆ ಆಡಿದ. ಹೇಗೆ? ತನಗಿಂತ ಚೆನ್ನಾಗಿ ಆಡುವವರ ಜೊತೆ ಆಡಲೇ ಇಲ್ಲ. ಜಿಲ್ಲೆಯ ಹೊರಗೆ ಆಡಿದ ಮೊದಲ ಟೂರ್ನಿಯಲ್ಲೇ ಅದು ಎಲ್ಲರಿಗೂ ಕಂಡಿತು. ಎರಡು ಮ್ಯಾಚ್ ಸೋತು ಸಂಜೆ ಬಸ್ಸಿಗೇ ವಾಪಸ್ ಬಂದ. ಆಮೇಲೆ ಕ್ಯೂ ಮುಟ್ಟಲಿಲ್ಲ. ಅವನನ್ನು ಮೊದಲೇ ತಡೆಯಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಆ ತಾಯಿಗೆ ಇಷ್ಟನ್ನೂ ಹೇಳಿದೆ. "ಡಿಗ್ರಿ ಬಿಡಿಸಬೇಡಿ ಅಮ್ಮ, ಮೂರು ವರ್ಷ ಎರಡೂ ನಡೀಲಿ" ಅಂದೆ. ಹುಡುಗ ಈಗ ದಿನಾ ಸಂಜೆ ಕಾಲೇಜು ಬಿಟ್ಟ ಮೇಲೆ ಬರುತ್ತಾನೆ. ಮೊದಲ ಒಂದು ಗಂಟೆ ಒಬ್ಬನೇ ಆಡಬೇಕು. ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದ್ದೇವೆ. ಮೊನ್ನೆ ಹತ್ತಕ್ಕೆ ಆರು ಸಲ ಅದರ ಮೇಲೆ ನಿಲ್ಲಿಸಿದ.